ಆರು ಮನೆಯ ಉಪಕಾರ

ಆ ಊರಿನಲ್ಲಿ ನನ್ನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಒಳ್ಳೆಯವರು. ಇದನ್ನು ನಾನು ಕೊಂಕಿಗೆ ಹೇಳುತ್ತಿಲ್ಲ. ಹನ್ನೊಂದು ವರ್ಷ ಅವರ ಒಳ್ಳೆಯತನವನ್ನು ಮೈಮೇಲೆ ಹಾಕಿಸಿಕೊಂಡವನು ನಾನು. ನನಗಿಂತ ಚೆನ್ನಾಗಿ ಅದನ್ನು ಬಲ್ಲವರು ಬೇರೆ ಯಾರಿದ್ದಾರೆ?

ಊರು ಗುಡ್ಡದ ನೆತ್ತಿಯ ಮೇಲಿತ್ತು. ಕೆಳಗಿನ ದಾರಿಯಿಂದ ಮುನ್ನೂರು ಕಲ್ಲಿನ ಮೆಟ್ಟಿಲು ಹತ್ತಿದರೆ ಒಂದು ದೊಡ್ಡ ಬಾಗಿಲು, ಬಾಗಿಲ ಒಳಗೆ ಒಂದು ಇಗರ್ಜಿ, ಇಗರ್ಜಿಯ ಸುತ್ತ ಆರು ಮನೆ. ಯೇಸುಸ್ವಾಮಿ ಮಾಡಿ ಎಂದು ಹೇಳಿದ ಆರು ಕೆಲಸಗಳನ್ನು ಅವರ ಮುತ್ತಜ್ಜಂದಿರು, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವ ಹಾಗೆ, ಮನೆಗೊಂದರಂತೆ ಪಾಲು ಮಾಡಿಕೊಂಡಿದ್ದರು. ಹಸಿದವನಿಗೆ ಉಣಿಸುವುದು ಅನ್ನದ ಮನೆಗೆ. ಬಾಯಾರಿದವನಿಗೆ ಕುಡಿಸುವುದು ನೀರಿನ ಮನೆಗೆ. ಪರದೇಶಿಯನ್ನು ಒಳಗೆ ಕರೆಯುವುದು ಬಾಗಿಲ ಮನೆಗೆ. ಬರಿಮೈಯವನಿಗೆ ತೊಡಿಸುವುದು ಬಟ್ಟೆಯ ಮನೆಗೆ. ಕಾಯಿಲೆಯವನನ್ನು ನೋಡಿಕೊಳ್ಳುವುದು ಮದ್ದಿನ ಮನೆಗೆ. ಸೆರೆಯಲ್ಲಿದ್ದವನ ಹತ್ತಿರ ಹೋಗಿ ಧೈರ್ಯ ಹೇಳುವುದು ಬೀಗದ ಮನೆಗೆ.

ಪ್ರತಿದಿನ ಸಂಜೆಯ ಗಂಟೆ ಹೊಡೆಯುವುದರೊಳಗೆ ಪ್ರತಿ ಮನೆಯೂ ತನ್ನ ಪಾಲಿನ ಉಪಕಾರ ಮುಗಿಸಬೇಕು. ಮುಗಿಸದ ಮನೆಯಲ್ಲಿ ಆ ದಿನ ದೀಪ ಹಚ್ಚುವಂತಿಲ್ಲ. ಇದು ಊರಿನ ಕಟ್ಟಳೆ. ಕಷ್ಟವೇನೆಂದರೆ, ಆ ಊರಿನಲ್ಲಿ ಕಷ್ಟದಲ್ಲಿರುವವರೇ ಇರಲಿಲ್ಲ. ಎಲ್ಲರ ಕಣಜವೂ ತುಂಬಿತ್ತು, ಎಲ್ಲರ ಮೈಮೇಲೂ ಬಟ್ಟೆ ಇತ್ತು. ಆದ್ದರಿಂದ ಅವರು ಒಬ್ಬನನ್ನು ಇಟ್ಟುಕೊಳ್ಳುತ್ತಿದ್ದರು. ಅವನನ್ನು ಪಡೆಯುವವನು ಎಂದು ಕರೆಯುತ್ತಿದ್ದರು. ಆರು ಮನೆಯ ಉಪಕಾರವನ್ನೂ ಅವನೇ ಪಡೆಯಬೇಕು. ಅವನಿಗೂ ಒಂದು ಕಟ್ಟಳೆ ಇತ್ತು: ಪಡೆಯುವವನು ಕೊಡುವಂತಿಲ್ಲ. ಪಡೆದದ್ದನ್ನು ಇನ್ನೊಬ್ಬರಿಗೆ ದಾಟಿಸಿದರೆ ಅದು ಪಡೆದ ಹಾಗಾಗಲಿಲ್ಲ, ಕೊಟ್ಟ ಮನೆಗೆ ದೀಪವಿಲ್ಲ.

ನಾನು ಆ ಊರಿಗೆ ಹೋದದ್ದು ಉಪಕಾರ ಪಡೆಯಲು ಅಲ್ಲ, ಮೆಟ್ಟಿಲು ಸರಿಮಾಡಲು. ನಾನು ಕಲ್ಲುಕುಟಿಗ. ಮೇಲಿನಿಂದ ಮೂರನೆಯ ತಿರುವಿನಲ್ಲಿ ಒಂದು ಮೆಟ್ಟಿಲು ಅಲುಗಾಡುತ್ತಿತ್ತು. ಅದರ ಅಡಿಯ ಮಣ್ಣು ಕೊಚ್ಚಿಹೋಗಿತ್ತು. ಕಲ್ಲನ್ನು ಎತ್ತಿ ಅಡಿಗೆ ಆಸರೆಗೊಂದು ಕಲ್ಲಿನ ಚಕ್ಕೆ ಕೊಡುವಷ್ಟರಲ್ಲಿ ಅದು ಜಾರಿ ನನ್ನ ಬಲಗಾಲಿನ ಮೇಲೆ ಬಿತ್ತು. ನಾನು ಕಿರುಚಿದೆ. ಮೇಲೆ ಇಗರ್ಜಿಯ ಗಂಟೆ ಹೊಡೆಯತೊಡಗಿತು. ಸಹಾಯಕ್ಕೆ ಜನರನ್ನು ಕೂಗುತ್ತಿದ್ದಾರೆ ಅಂದುಕೊಂಡೆ. ಅದು ಹಬ್ಬದ ಗಂಟೆ ಎಂದು ಆಮೇಲೆ ತಿಳಿಯಿತು. ನನ್ನ ಮುಂಚೆ ಪಡೆಯುತ್ತಿದ್ದ ಮುದುಕಿ ತೀರಿಕೊಂಡು ಮೂರು ದಿನವಾಗಿತ್ತು. ಮೂರು ಸಂಜೆಯಿಂದ ಆರು ಮನೆಯೂ ಕತ್ತಲಲ್ಲಿತ್ತು. ಆರು ಮನೆಯವರೂ ಓಡೋಡಿ ಮೆಟ್ಟಿಲಿಳಿದು ಬಂದರು. ನನ್ನ ಕಾಲಿನಿಂದ ಹರಿಯುವ ರಕ್ತ ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ ನೀರು.

ಅವತ್ತಿನಿಂದ ನನ್ನ ದಿನಗಳು ಹೀಗೆ.

ಬೆಳಗಾಗುತ್ತಲೇ ಬಾಗಿಲ ಮನೆಯ ಯಜಮಾನ ಬಂದು ನನ್ನ ತೋಳು ಹಿಡಿದು ದೊಡ್ಡ ಬಾಗಿಲ ಹೊರಗೆ ಬಿಡುತ್ತಾನೆ. ಬಾಗಿಲು ಮುಚ್ಚುತ್ತಾನೆ. ನಾನು ತಟ್ಟಬೇಕು. 'ಯಾರು?' ಎಂದು ಒಳಗಿನಿಂದ ಕೇಳುತ್ತಾನೆ. 'ಪರದೇಶಿ' ಎನ್ನಬೇಕು. 'ಬಾರಪ್ಪ, ಇದು ನಿನ್ನದೇ ಮನೆ ಅಂದ್ಕೋ' ಎಂದು ಬಾಗಿಲು ತೆರೆದು ಅಪ್ಪಿಕೊಳ್ಳುತ್ತಾನೆ. ಐದು ನಿಮಿಷದ ಹಿಂದೆ ಅವನೇ ನನ್ನನ್ನು ಹೊರಗೆ ತಳ್ಳಿದವನು.

ಆಮೇಲೆ ಬಟ್ಟೆಯ ಮನೆಯವರು ಬಂದು ನಿನ್ನೆ ತೊಡಿಸಿದ ಅಂಗಿ ಬಿಚ್ಚಿಕೊಳ್ಳುತ್ತಾರೆ. ಗುಡ್ಡದ ಮೇಲಿನ ಗಾಳಿಯಲ್ಲಿ ನಾನು ಕೈಕಟ್ಟಿಕೊಂಡು ನಡುಗಬೇಕು. ನಡುಗುವುದು ಸರಿಯಾಗಿ ಕಂಡಮೇಲೆ ಅದೇ ಅಂಗಿಯನ್ನು ತೊಡಿಸುತ್ತಾರೆ. ಆಮೇಲೆ ಅನ್ನದ ಮನೆಯ ಗಂಜಿ. ಗಂಜಿಗೆ ಉಪ್ಪು ಜಾಸ್ತಿ, ಯಾಕೆಂದರೆ ಅದರ ಹಿಂದೆಯೇ ನೀರಿನ ಮನೆಯ ಅಜ್ಜ ಕೊಡ ಹಿಡಿದು ನಿಂತಿರುತ್ತಾನೆ, ನನಗೆ ಬಾಯಾರಬೇಕು. ಆಮೇಲೆ ಮದ್ದು. ಕೊನೆಗೆ ಇಗರ್ಜಿಯ ಹಿಂದಿನ ಕಿರುಕೋಣೆಯಲ್ಲಿ ನನ್ನನ್ನು ಕೂಡಿಹಾಕಿ, ಬೀಗದ ಮನೆಯ ಗಂಡಹೆಂಡತಿ ಕಂಬಿಯಾಚೆ ನಿಂತು, 'ಎದೆಗುಂದಬೇಡಪ್ಪಾ, ನಿನಗೂ ಬಿಡುಗಡೆ ಉಂಟು' ಎಂದು ಧೈರ್ಯ ಹೇಳುತ್ತಾರೆ. ಬೀಗದ ಕೈ ಅವರ ಸೊಂಟದಲ್ಲೇ ನೇತಾಡುತ್ತಿರುತ್ತದೆ.

ಸಂಜೆಯ ಗಂಟೆ ಹೊಡೆಯುತ್ತದೆ. ಆರು ಮನೆಯಲ್ಲೂ ದೀಪ ಹತ್ತುತ್ತದೆ. ಬೀಗ ತೆಗೆದು ಅವರು ನನ್ನನ್ನು ಬಿಟ್ಟುಹೋಗುವ ಗುಡಿಸಲಿಗೆ ದೀಪವಿಲ್ಲ, ಯಾಕೆಂದರೆ ನಾನು ಯಾರಿಗೂ ಏನೂ ಉಪಕಾರ ಮಾಡಿರುವುದಿಲ್ಲವಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಅನ್ನ ನೀರು ಸಿಗುತ್ತಿತ್ತು, ಹೊಡೆಯುವವರು ಬಡಿಯುವವರು ಇರಲಿಲ್ಲ. ಸಹಿಸಲಾಗದೆ ಹೋದದ್ದು ಕಾಲಿನ ವಿಷಯ. ಮೊದಲ ವರ್ಷ ನಾನು ದಿನಾ ಎಣಿಸುತ್ತಿದ್ದೆ, ಇವತ್ತು ವಾಸಿಯಾಗುತ್ತದೆ, ನಾಳೆ ವಾಸಿಯಾಗುತ್ತದೆ ಎಂದು. ವಾಸಿಯಾದ ದಿನ ಉಳಿ ಸುತ್ತಿಗೆ ತೆಗೆದುಕೊಂಡು ಇಳಿದುಹೋಗುವುದು ಎಂದು. ಹಕ್ಕಳೆ ಕಟ್ಟುತ್ತಿತ್ತು. ಮಾರನೆಯ ದಿನ ಮದ್ದಿನ ಮನೆಯವಳು ಬಂದು, ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ತುಟಿಯಲ್ಲೇ ಜಪ ಹೇಳುತ್ತ, ಆ ಹಕ್ಕಳೆಯನ್ನು ಮೆಲ್ಲಗೆ ಉಜ್ಜಿ ತೆಗೆಯುತ್ತಿದ್ದಳು. ಮತ್ತೆ ರಕ್ತ. ಮತ್ತೆ ಪಟ್ಟಿ. ಮತ್ತೆ ಹಕ್ಕಳೆ. ಮತ್ತೆ ಬಿಸಿನೀರು, ಮತ್ತೆ ಬಟ್ಟೆ, ಮತ್ತೆ ಜಪ.

ಒಂದು ದಿನ ಅವಳ ಕೈ ಹಿಡಿದುಕೊಂಡೆ.

'ತಂಗೀ, ನಿನ್ನ ಹತ್ತಿರ ವಾಸಿಯಾಗೋ ಮುಲಾಮು ಇಲ್ವಾ?'

'ಇದೆ ಅಣ್ಣಾ' ಎಂದಳು ಅವಳು. ಸುಳ್ಳು ಹೇಳುವವಳಲ್ಲ. 'ನಮ್ಮಜ್ಜಿ ಕಾಲದ್ದು. ಹದಿನೈದು ದಿನದಲ್ಲಿ ಎಂಥ ಗಾಯಾನೂ ಮಾಯುತ್ತೆ.'

'ಮತ್ತೆ ಹಚ್ಚು.'

ಅವಳ ಮುಖ ಬಾಡಿತು. 'ಹಚ್ಚಿಬಿಟ್ರೆ ಹದಿನಾರನೇ ದಿನ ನಾನೇನು ಮಾಡ್ಲಿ, ನೀವೇ ಹೇಳಿ. ನಮ್ಮತ್ತೆಗೆ ಕಣ್ಣು ಮಂಜು. ದೀಪ ಇಲ್ದಿದ್ರೆ ಎಡವಿ ಬೀಳ್ತಾರೆ. ನಮ್ಮನೆಗೆ ಇರೋದು ಇದೊಂದೇ ಪಾಲು ಅಣ್ಣಾ.' ಹೇಳುತ್ತ ಹೇಳುತ್ತ ಅತ್ತೇ ಬಿಟ್ಟಳು. ಅವಳನ್ನು ಸಮಾಧಾನ ಮಾಡಲು ಕೈ ಎತ್ತಿದೆ. ಅವಳು ಬೆಚ್ಚಿ ಹಿಂದೆ ಸರಿದಳು. ಸಮಾಧಾನ ಹೇಳುವುದೂ ಕೊಡುವುದೇ ಅಲ್ಲವೇ? ಕಟ್ಟಳೆ ಕಟ್ಟಳೆಯೇ. ಅವಳು ಸೆರಗಿನಲ್ಲಿ ತಾನೇ ಕಣ್ಣೊರೆಸಿಕೊಂಡು ನನ್ನ ಕಾಲು ಉಜ್ಜತೊಡಗಿದಳು.

ಇಗರ್ಜಿಯ ಗುರುಗಳ ಹತ್ತಿರ ಹೋದೆ. ಹೋದೆ ಅಂದರೆ ಕುಂಟುತ್ತ, ಗೋಡೆ ಹಿಡಿದು. ಅವರು ಪೀಠದ ಮುಂದಿನ ಮೇಣದ ಬತ್ತಿಗಳ ಕುಡಿ ಕತ್ತರಿಸುತ್ತಿದ್ದರು. ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆ ಊರಿನಲ್ಲಿ ತಾಳ್ಮೆಗೇನೂ ಬರವಿರಲಿಲ್ಲ.

'ಮಗೂ' ಎಂದರು, 'ನಿನ್ನ ಮುಖದಲ್ಲಿ ಅವರಿಗೆ ಸ್ವಾಮಿಯ ಮುಖ ಕಾಣುತ್ತೆ. ಅದೇನು ಸಣ್ಣ ಭಾಗ್ಯವಾ?'

'ಅವರಿಗೆ ನನ್ನ ಮುಖದಲ್ಲಿ ಕಾಣುತ್ತೆ ಗುರುಗಳೇ. ನನಗೆ ಯಾರ ಮುಖದಲ್ಲಿ ಕಾಣಬೇಕು?'

ಅವರು ಕತ್ತರಿ ಕೆಳಗಿಟ್ಟರು. ಇದಕ್ಕೆ ಉತ್ತರ ಬರುತ್ತದೆ ಎಂದು ನಾನು ಬಾಯಿ ಬಿಟ್ಟುಕೊಂಡು ಕಾದೆ. 'ಗಂಟೆಗೆ ಹೊತ್ತಾಯಿತು' ಎಂದು ಎದ್ದುಹೋದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಮೇಣದ ಬತ್ತಿಗಳನ್ನೆಲ್ಲ ಊದಿ ಆರಿಸಿಬಿಡೋಣ ಅನ್ನಿಸಿತು. ಆರಿಸಲಿಲ್ಲ. ಗೋಡೆ ಹಿಡಿದು ವಾಪಸ್ ಬಂದೆ.

ಕೊಡಲು ನಾನು ಏನೆಲ್ಲ ಕಸರತ್ತು ಮಾಡಿದೆ! ನೀರಿನ ಮನೆಯ ಅಜ್ಜನ ಬೆನ್ನು ವರ್ಷ ವರ್ಷಕ್ಕೂ ಬಗ್ಗುತ್ತಿತ್ತು. ಕೊಡ ಎತ್ತುವಾಗ 'ಅಮ್ಮಾ' ಎನ್ನುತ್ತಿದ್ದ. ಒಂದು ದಿನ ನಾನೇ ತೆವಳಿಕೊಂಡು ಬಾವಿಕಟ್ಟೆಯವರೆಗೆ ಹೋಗಿ ಕೊಡದ ಕಂಠ ಹಿಡಿದೆ. 'ಬಿಡಜ್ಜಾ, ಇದೊಂದು ಹೊತ್ತು ನಾನು ತರ್ತೀನಿ' ಎಂದೆ. ಹಾವು ಮುಟ್ಟಿದವನ ಹಾಗೆ ಅಜ್ಜ ಕೊಡವನ್ನು ಎದೆಗವಚಿಕೊಂಡ.

'ಬೇಡಪ್ಪಾ ಬೇಡ. ಇದು ನನ್ನ ಕೆಲಸ.'

ಆ ಮಾತನ್ನು ಆರು ಮನೆಯ ಬಾಯಲ್ಲೂ ನಾನು ಕೇಳಿದ್ದೇನೆ. ಅನ್ನದ ಮನೆಯವರ ಒಡೆದ ಒಲೆಗೆ ಕಲ್ಲು ಕೂರಿಸಿಕೊಡುತ್ತೇನೆ ಎಂದಾಗ, ಬೇಡಪ್ಪಾ. ಬಾಗಿಲ ಮನೆಯ ಯಜಮಾನನ ಹೆಂಡತಿ ಸತ್ತಾಗ ಅವಳ ಸಮಾಧಿಗೆ ಶಿಲುಬೆ ಕೆತ್ತಿಕೊಡುತ್ತೇನೆ ಎಂದಾಗ, ಬೇಡಪ್ಪಾ. ನನ್ನ ಉಳಿ ಸುತ್ತಿಗೆಗಳನ್ನು ಬೀಗದ ಮನೆಯವರು ಜೋಪಾನವಾಗಿ ಒಳಗಿಟ್ಟಿದ್ದರು, ನನಗೆ ಭಾರವಾಗಬಾರದೆಂದು. ನನ್ನ ಅಂಗೈಯ ಜಡ್ಡೆಲ್ಲ ಕರಗಿ ಹೆಣ್ಣುಮಕ್ಕಳ ಕೈಯಂತಾಯಿತು.

ಎರಡು ಸಲ ಓಡಿಹೋಗಲು ನೋಡಿದೆ. ಮೊದಲ ಸಲ ಇಪ್ಪತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಕಾಲು ಕೈಕೊಟ್ಟಿತು. ಎರಡನೆಯ ಸಲ ಮೊದಲ ತಿರುವಿನವರೆಗೆ ಹೋಗಿ ಬಿದ್ದೆ. ಎರಡೂ ಸಲ ಬಾಗಿಲ ಮನೆಯ ಯಜಮಾನ ಮಕ್ಕಳೊಂದಿಗೆ ಇಳಿದು ಬಂದು, ಒಂದು ಬಿರುಸು ಮಾತೂ ಆಡದೆ, ಎತ್ತಿಕೊಂಡು ಹೋದ. ಅದನ್ನೇ ಆ ದಿನದ ಪರದೇಶಿಯನ್ನು ಕರೆದದ್ದು ಎಂದು ಪರಿಗಣಿಸಿ ಬೆಳಗಿನ ಬಾಗಿಲ ಶಾಸ್ತ್ರವನ್ನು ಬಿಟ್ಟುಕೊಟ್ಟರು. ಅಷ್ಟು ಧಾರಾಳಿಗಳು.

ಹನ್ನೊಂದನೆಯ ವರ್ಷದ ಒಂದು ಬೆಳಗ್ಗೆ ಯಜಮಾನ ಎಂದಿನಂತೆ ನನ್ನನ್ನು ಹೊರಗೆ ಬಿಡಲು ಬಾಗಿಲು ತೆರೆದ. ಹೊರಗೆ ಒಬ್ಬ ಮನುಷ್ಯ ಕುಸಿದು ಕೂತಿದ್ದ.

ಮೈಮೇಲೆ ಚಿಂದಿ. ತುಟಿ ಒಡೆದು ಬಿಳಿಚಿತ್ತು. ಕಣ್ಣು ಜ್ವರಕ್ಕೆ ಕೆಂಪಾಗಿತ್ತು. ಹೊಟ್ಟೆ ಬೆನ್ನಿಗೆ ಅಂಟಿತ್ತು. ಎಡಗಾಲಿನ ಹರಡಿನ ಸುತ್ತ ಆಳವಾದ ಹುಣ್ಣು, ಸರಪಳಿ ಬಹಳ ದಿನ ಉಜ್ಜಿದ್ದು. ಎಲ್ಲಿಂದಲೋ ಬಿಡಿಸಿಕೊಂಡು ಬಂದವನು. ಆರು ಮನೆಯ ಆರು ಕೆಲಸವೂ ಒಂದೇ ಮೈಯಲ್ಲಿ ಬಂದು ಬಾಗಿಲಲ್ಲಿ ಕೂತಿತ್ತು. ಅಬ್ಬಾ, ಬಂತು, ಇನ್ನು ಇವರ ಕಣ್ಣು ತೆರೆಯುತ್ತದೆ ಅಂದುಕೊಂಡೆ.

ಯಜಮಾನ ಅವನ ಹತ್ತಿರ ಬಗ್ಗಿ, ಬಹಳ ಮೃದುವಾಗಿ ಹೇಳಿದ: 'ಸ್ವಲ್ಪ ಆಚೆ ಸರಿದು ಕೂತ್ಕೋಪ್ಪ. ಇಲ್ಲಿ ಪರದೇಶಿನ ಒಳಗೆ ಕರೀಬೇಕು.'

ಆ ಮನುಷ್ಯ ಸರಿದು ಕೂತ. ಯಜಮಾನ ನನ್ನನ್ನು ಆ ಜಾಗದಲ್ಲಿ ನಿಲ್ಲಿಸಿ ಒಳಗೆ ಹೋಗಿ ಬಾಗಿಲು ಮುಚ್ಚಿದ. ನಾನು ತಟ್ಟಲಿಲ್ಲ.

'ತಟ್ಟಪ್ಪಾ' ಎಂದ ಒಳಗಿನಿಂದ.

'ಇಲ್ಲೊಬ್ಬ ನಿಜವಾದ ಪರದೇಶಿ ಇದಾನೆ ಯಜಮಾನರೇ. ಇವನನ್ನ ಕರೀರಿ.'

ಬಾಗಿಲ ಸಂದಿಯಿಂದ ಅವನ ಕಣ್ಣು ಕಾಣಿಸಿತು. 'ನೋಡಿದೆ. ಪಾಪ. ಆದ್ರೆ ದಿನಕ್ಕೆ ಒಬ್ಬರು ಅಂತ ತಾನೇ ಕಟ್ಟಳೆ? ಇಬ್ಬರಾದ್ರೆ ಆರು ಮನೆಗೂ ಕೆಲಸ ಎರಡರಷ್ಟು. ತೋಟಕ್ಕೆ ನೀರು ಯಾರು ಬಿಡ್ತಾರೆ? ಮತ್ತೆ ಅವನ ಜ್ವರ ನೋಡು, ಅದು ಅಂಟೋ ಜ್ವರ.'

'ಹಾಗಾದ್ರೆ ನನ್ನನ್ನ ಬಿಟ್ಟು ಅವನನ್ನ ಕರೀರಿ.'

'ನೀನು ನಮ್ಮವನಪ್ಪಾ' ಎಂದ ಯಜಮಾನ. ಅವನ ದನಿಯಲ್ಲಿ ನಿಜವಾದ ನೋವಿತ್ತು. 'ಹನ್ನೊಂದು ವರ್ಷ ಆಯ್ತು. ನಿನ್ನನ್ನ ಬಿಡೋಕಾಗುತ್ತಾ?'

ಆಗ ನಾನು ಒಂದು ಕೆಲಸ ಮಾಡಿದೆ. ಬಾಗಿಲು ತಟ್ಟಿದೆ. 'ಪರದೇಶಿ' ಎಂದೆ. ಯಜಮಾನ ನಿಟ್ಟುಸಿರು ಬಿಟ್ಟು ಬಾಗಿಲು ತೆರೆದು ಕೈಚಾಚಿದ. ಅವನು ಅಪ್ಪಿಕೊಳ್ಳುವ ಮೊದಲೇ ನಾನು ಆ ಮನುಷ್ಯನ ಕಂಕುಳಲ್ಲಿ ಕೈಹಾಕಿ ಎಬ್ಬಿಸಿ ಅವನನ್ನು ಮುಂದೆ ದಾಟಿಸಿ ನನ್ನ ಗುಡಿಸಲಿಗೆ ನಡೆಸಿಕೊಂಡು ಹೋದೆ. ಯಜಮಾನನ ತೋಳು ಗಾಳಿಯಲ್ಲೇ ಉಳಿಯಿತು.

'ಪಡೆಯೋನು ಕೊಡೋ ಹಾಗಿಲ್ಲ!' ಎಂದು ಹಿಂದಿನಿಂದ ಕೂಗಿದ. ನನಗೆ ಕೇಳಿಸಿತು, ತಿರುಗಲಿಲ್ಲ.

ಬಟ್ಟೆಯ ಮನೆಯವರು ಬಂದು ನನಗೆ ಅಂಗಿ ತೊಡಿಸಿದರು. ಅವರೆದುರೇ ಬಿಚ್ಚಿ ಅವನಿಗೆ ತೊಡಿಸಿದೆ. ಅನ್ನದ ಮನೆಯವರು ಗಂಜಿ ಕೊಟ್ಟರು. ಬಟ್ಟಲು ನನ್ನ ತುಟಿಯವರೆಗೂ ಬಂತು, ನನಗೂ ಹಸಿವಾಗಿತ್ತು, ಆದರೆ ಅವನ ಬಾಯಿಗೆ ಹಿಡಿದೆ. 'ಉಪ್ಪು' ಎಂದು ಮುಖ ಹಿಂಡಿದ. 'ಗೊತ್ತು, ಕುಡಿ' ಎಂದೆ. ನೀರಿನ ಮನೆಯ ಅಜ್ಜ ಕೊಡ ಬಗ್ಗಿಸಿದಾಗ ನನ್ನ ಬೊಗಸೆ ಹಿಡಿದು ಆ ನೀರನ್ನು ಅವನ ಗಂಟಲಿಗೆ ಸುರಿದೆ. ಮದ್ದಿನ ಮನೆಯವಳು ನನ್ನ ಕಾಲಿಗೆ ಹೊಸ ಪಟ್ಟಿ ಕಟ್ಟಿ ಎದ್ದ ಕೂಡಲೇ ಅದನ್ನು ಬಿಚ್ಚಿ ಅವನ ಹರಡಿಗೆ ಸುತ್ತಿದೆ. ಬೀಗದ ಮನೆಯವರು ನನ್ನನ್ನು ಕಿರುಕೋಣೆಗೆ ಕರೆದುಕೊಂಡು ಹೋಗಲು ಬಂದರು. ನಾನು ಗುಡಿಸಲ ಹೊಸ್ತಿಲಿನಲ್ಲೇ ಕೂತು, ಒಳಗೆ ಮಲಗಿದ್ದವನಿಗೆ, 'ಎದೆಗುಂದಬೇಡ' ಎಂದೆ. ನಗು ಬಂತು. ಆ ಮಾತನ್ನು ಮೊದಲ ಸಲ ಒಬ್ಬ ಮನುಷ್ಯನಿಗೆ ಹೇಳುತ್ತಿದ್ದೆ.

ಹೊಟ್ಟೆ ಖಾಲಿ, ಮೈ ಬರಿ, ಗಾಯ ತೆರೆದೇ ಇತ್ತು. ಆದರೂ ನನಗೆ ಸಂತೋಷವಾಗಿತ್ತು. ಹನ್ನೊಂದು ವರ್ಷದಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ. ಆರು ಮನೆಯವರೂ ಗುಡಿಸಲ ಮುಂದೆ ನಿಂತು ಅಳುತ್ತಿದ್ದರು.

'ಇವರೆಲ್ಲ ಯಾಕೆ ಅಳ್ತಿದಾರೆ?' ಎಂದು ಅವನು ಕೇಳಿದ. ಅದು ಅವನ ಎರಡನೆಯ ಮಾತು. ಮೊದಲನೆಯದು ಉಪ್ಪು.

'ಉಪಕಾರ ಮಾಡೋಕೆ ಆಗ್ಲಿಲ್ಲ ಅಂತ.'

ಅವನು ನನ್ನನ್ನೇ ನೋಡಿದ. ಇವನಿಗೂ ಜ್ವರವಿದೆ ಅಂದುಕೊಂಡಿರಬೇಕು. ಆಮೇಲೆ ನಿದ್ದೆ ಹೋದ. ಸಂಜೆಯ ಗಂಟೆ ಹೊಡೆಯಿತು. ಆರು ಮನೆಯಲ್ಲೂ ದೀಪ ಹತ್ತಲಿಲ್ಲ.

ಮಾರನೆಯ ಬೆಳಗ್ಗೆ ಎಲ್ಲರೂ ಒಟ್ಟಾಗಿ ಬಂದರು, ಗುರುಗಳೂ ಜೊತೆಯಲ್ಲಿದ್ದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅವರು ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಯಜಮಾನ ಮುಂದೆ ಬಂದು ನನ್ನ ಕೈ ಹಿಡಿದುಕೊಂಡ.

'ನಿನ್ನೆ ನೀನು ಒಂದೇ ದಿನ ಆರೂ ಕೆಲಸ ಮಾಡಿದೆಯಪ್ಪಾ. ನಮ್ಮಲ್ಲಿ ಯಾರೂ ಮಾಡಿದ್ದಿಲ್ಲ. ಇನ್ನು ನೀನು ಪಡೆಯೋನಲ್ಲ. ನೀನು ಏಳನೇ ಮನೆ. ಇಗರ್ಜಿ ಎದುರಿಗೇ ಜಾಗ ಕೊಡ್ತೀವಿ, ನಿನ್ನ ಕೈಯಾರೆ ಕಲ್ಲು ಕೆತ್ತಿ ಕಟ್ಕೋ. ನಿನ್ನ ಮನೇಲೂ ದೀಪ ಹತ್ತಲಿ.'

ಬೀಗದ ಮನೆಯವರು ನನ್ನ ಉಳಿ ಸುತ್ತಿಗೆಗಳನ್ನು ತಂದು ಕಾಲ ಬುಡದಲ್ಲಿಟ್ಟರು. ಮದ್ದಿನ ಮನೆಯವಳು ಸೆರಗಿನಿಂದ ಒಂದು ಪುಟ್ಟ ಭರಣಿ ತೆಗೆದು ಮುಚ್ಚಳ ಬಿಚ್ಚಿದಳು. ಬೇವು, ತುಪ್ಪ, ಇನ್ನೇನೋ ಬೇರಿನ ವಾಸನೆ. ಹನ್ನೊಂದು ವರ್ಷ ನನ್ನ ಕಾಲಿನಿಂದ ನಾಲ್ಕು ಹೆಜ್ಜೆ ದೂರದ ಮನೆಯಲ್ಲಿದ್ದ ಮುಲಾಮು. 'ಹದಿನೈದು ದಿನ ಸಾಕು ಅಣ್ಣಾ' ಎಂದಳು. ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು.

'ಮತ್ತೆ ಇವನು?' ಎಂದು ಕೇಳಿದೆ.

ಎಲ್ಲರೂ ಗುಡಿಸಲ ಒಳಗೆ ಇಣುಕಿದರು. ಅವನು ಗೋಡೆಗೆ ಒರಗಿ ಕೂತಿದ್ದ.

'ಇವನು ಪಡೆಯೋನು' ಎಂದ ಯಜಮಾನ. 'ಒಬ್ಬರಿಗೆ ಒಬ್ಬರು ಸರಿಹೋಯ್ತು. ಅವನಿಗೇನೂ ಕಡಿಮೆ ಮಾಡಲ್ಲ. ನಿನಗೇ ಗೊತ್ತಲ್ಲ ನಾವು ಹೇಗೆ ನೋಡ್ಕೋತೀವಿ ಅಂತ.'

ಮದ್ದಿನ ಮನೆಯವಳು ಅವನ ಹರಡಿನ ಪಟ್ಟಿ ಸರಿಸಿ ಹುಣ್ಣನ್ನು ನೋಡಿದಳು. ಬಗ್ಗಿ, ಇನ್ನೊಮ್ಮೆ ನೋಡಿದಳು. 'ಆಳವಾಗಿದೆ' ಎಂದಳು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು. 'ನಮ್ಮ ಮಕ್ಕಳ ಕಾಲದವರೆಗೂ ಇರುತ್ತೆ.'

ಸುಳ್ಳು ಹೇಳುವುದಿಲ್ಲ, ನಾನು ಭರಣಿಯನ್ನೇ ನೋಡುತ್ತಿದ್ದೆ. ಹದಿನೈದೇ ದಿನ. ಎರಡು ಕಾಲಿನ ಮೇಲೆ ನಿಂತು ಕಲ್ಲು ಕೆತ್ತುವುದು. ಸಂಜೆ ನನ್ನದೇ ಗೂಡಿನಲ್ಲಿ ನನ್ನದೇ ದೀಪ. ಅವನು ಯಾರು ನನಗೆ? ನಿನ್ನೆ ಬಂದವನು. ಎರಡು ಮಾತು ಆಡಿದವನು. ಹನ್ನೊಂದು ವರ್ಷ ನನ್ನ ಸರದಿಯಾಯಿತು, ಇನ್ನು ಅವನ ಸರದಿ ಎಂದರೆ ತಪ್ಪೇನು? ಗುರುಗಳ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಆಗ ಮದ್ದಿನ ಮನೆಯವಳು ಬಿಸಿನೀರಿಗೆ ಬಟ್ಟೆ ಅದ್ದಿದಳು. ಜಪ ಶುರುಮಾಡಿದಳು. ಬಟ್ಟೆ ಅವನ ಹರಡಿಗೆ ತಾಗಿದ್ದೇ ತಡ, ಅವನು 'ಹಾ' ಎಂದ. ಆ ಸದ್ದು ನನ್ನ ಕಾಲಿಗೆ ಗೊತ್ತಿತ್ತು. ನನ್ನ ತಲೆ ಇನ್ನೂ ಭರಣಿಯ ಹತ್ತಿರವೇ ಇತ್ತು, ಕಾಲು ಮಾತ್ರ ಎದ್ದು ನಿಂತಿತು. ಉಳಿ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವಳ ಕೈಯಿಂದ ಅವನ ಕಾಲನ್ನು ಬಿಡಿಸಿದೆ, ಅವನನ್ನು ಬೆನ್ನಿಗೆ ಹಾಕಿಕೊಂಡೆ, ನಡೆದೆ.

'ಮುಲಾಮು!' ಎಂದು ಅವಳು ಕೂಗಿದಳು.

'ಕೊಡ್ತೀಯಾ, ತಗೊಂಡು ಹೋಗ್ತೀನಿ?' ಎಂದು ನಿಂತೆ.

ಅವಳು ಭರಣಿಯನ್ನು ನೋಡಿದಳು, ನನ್ನನ್ನು ನೋಡಿದಳು, ಗುರುಗಳನ್ನು ನೋಡಿದಳು. 'ಊರ ಹೊರಗಿನವರಿಗೆ ಕೊಟ್ರೆ ಅದು ಲೆಕ್ಕಕ್ಕೆ ಬರುತ್ತಾ ಗುರುಗಳೇ?' ಎಂದು ಕೇಳಿದಳು. ಉತ್ತರಕ್ಕೆ ಕಾಯುವಷ್ಟು ಹೊತ್ತು ನನ್ನ ಕಾಲಿಗಿರಲಿಲ್ಲ.

ಯಾರೂ ತಡೆಯಲಿಲ್ಲ. ಬಲವಂತ ಮಾಡುವ ಜನ ಅಲ್ಲ ಅವರು. ಬಿದ್ದರೆ ಎತ್ತಿಕೊಂಡು ಬರೋಣ ಎಂದು ಬಾಗಿಲಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಹತ್ತು ಮೆಟ್ಟಿಲು. ಇಪ್ಪತ್ತು ಮೆಟ್ಟಿಲು. ಗಾಯದಿಂದ ರಕ್ತ ಇಳಿದು ಪಾದ ಜಾರುತ್ತಿತ್ತು. ಬಿದ್ದರೆ ಇವರ ಕೈಗೆ ಸಿಗುತ್ತೇನೆ ಎಂಬ ಸಿಟ್ಟೊಂದೇ ನನ್ನನ್ನು ನಿಲ್ಲಿಸಿತ್ತು. ಮೊದಲ ತಿರುವು ದಾಟಿತು. ಎರಡನೆಯ ತಿರುವು ದಾಟಿತು. ಮೂರನೆಯ ತಿರುವಿನಲ್ಲಿ ಮೆಟ್ಟಿಲು ನನ್ನ ಕಾಲಡಿಯಲ್ಲಿ ಅಲುಗಾಡಿತು.

ಅದೇ ಕಲ್ಲು. ಹನ್ನೊಂದು ವರ್ಷದ ಹಿಂದೆ ನಾನು ಬಿಟ್ಟಿದ್ದ ಹಾಗೆಯೇ ಇತ್ತು. ಆಮೇಲೆ ಅದನ್ನು ಯಾರೂ ಸರಿಮಾಡಿಸಿರಲಿಲ್ಲ.

ಅವನನ್ನು ಇಳಿಸಿ ಕೂರಿಸಿದೆ. ನಾನೂ ಕೂತು ಒಂದು ಕಲ್ಲು ಹುಡುಕಿ ಉಳಿಯಿಟ್ಟು ಚಕ್ಕೆ ಎಬ್ಬಿಸತೊಡಗಿದೆ. ಕೈ ಮೆದುವಾಗಿತ್ತು, ನಾಲ್ಕು ಪೆಟ್ಟಿಗೆ ಬೊಬ್ಬೆ ಬಂತು. ಆದರೂ ಕಲ್ಲು ನನ್ನ ಮಾತು ಕೇಳಿತು. ಚಕ್ಕೆ ಕೊಡಬೇಕಾದರೆ ಮೆಟ್ಟಿಲನ್ನು ಒಬ್ಬರು ಎತ್ತಿ ಹಿಡಿಯಬೇಕು. ಅವತ್ತು ನಾನು ಒಬ್ಬನೇ ಮಾಡಲು ಹೋಗಿ ಕಾಲು ಕೊಟ್ಟಿದ್ದೆ. ಕೇಳಬೇಕೋ ಬೇಡವೋ ಎಂದು ನೋಡುತ್ತಿದ್ದಾಗ ಅವನೇ ಬಂದು ಕಲ್ಲಿನ ಅಂಚಿಗೆ ಎರಡೂ ಕೈ ಕೊಟ್ಟ.

'ಎತ್ತಲಾ?'

'ಎತ್ತು.'

ಮೇಲಿನಿಂದ ಯಜಮಾನನ ಕೂಗು ಕೇಳಿಸಿತು. ಹನ್ನೊಂದು ವರ್ಷದಲ್ಲಿ ಅವನು ಗಾಬರಿಯಿಂದ ಕೂಗಿದ್ದು ಅದೇ ಮೊದಲು.

'ಅಯ್ಯೋ, ಅದನ್ನ ಮುಟ್ಟಬೇಡ್ರಪ್ಪಾ! ಆ ಮೆಟ್ಟಿಲು ಹಾಗೇ ಇರ್ಲಿ! ನಿಮ್ಮ ದಮ್ಮಯ್ಯ, ಹಾಗೇ ಬಿಡ್ರಪ್ಪಾ!'

ನಾನು ಚಕ್ಕೆಯನ್ನು ಒಳಗಿಟ್ಟು ಸುತ್ತಿಗೆಯಿಂದ ಮೂರು ಪೆಟ್ಟು ಹಾಕಿದೆ. ಅವನು ಕೈ ಬಿಟ್ಟ. ಮೆಟ್ಟಿಲ ಮೇಲೆ ನಿಂತು ನೋಡಿದೆ. ಅಲುಗಾಡಲಿಲ್ಲ. ಮೇಲೆ ಯಾರೋ ಹೆಂಗಸು ಗೊಳೋ ಎಂದು ಅತ್ತಳು.

ಮತ್ತೆ ಅವನಿಗೆ ಬೆನ್ನು ಕೊಡಲು ಬಗ್ಗಿದೆ. ಕಾಲು ಮಡಚಿಕೊಂಡಿತು, ಕೂತುಬಿಟ್ಟೆ. ಅವನು ನನ್ನ ಕಾಲನ್ನು ನೋಡಿದ.

'ನೀನು ಕೂತ್ಕೋ. ಸ್ವಲ್ಪ ದೂರ ನಾನು ಹೊರ್ತೀನಿ.'

'ಬೇಡಪ್ಪಾ ಬೇಡ' ಎಂದೆ. 'ಇದು ನನ್ನ ಕೆಲಸ.'

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. ಕೊಡವನ್ನು ಎದೆಗವಚಿಕೊಂಡ ಅಜ್ಜ ಕಣ್ಣೆದುರು ಬಂದ. ಥೂ ಅನ್ನಿಸಿತು. ಹನ್ನೊಂದು ವರ್ಷ ಅವರ ಅನ್ನ ತಿಂದದ್ದು ಸುಮ್ಮನೆ ಹೋಗಿರಲಿಲ್ಲ.

ಅವನು ನನ್ನ ಮುಂದಿನ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಬಗ್ಗಿ ನಿಂತ. ಜ್ವರಕ್ಕೆ ಅವನ ಮೊಣಕಾಲು ನಡುಗುತ್ತಿತ್ತು. ನಾನು ಹತ್ತಿದರೆ ಇಬ್ಬರೂ ಬೀಳುವುದು ಖಂಡಿತ ಅನ್ನಿಸಿತು. ಹತ್ತದಿದ್ದರೆ ಅವನು ಅಲ್ಲೇ ಬಗ್ಗಿ ನಿಂತಿರುತ್ತಾನೆ ಎಂಬುದೂ ಅಷ್ಟೇ ಖಂಡಿತವಿತ್ತು. ಬೈದುಕೊಳ್ಳುತ್ತ ಅವನ ಕೊರಳು ಬಳಸಿ ಬೆನ್ನಿಗೆ ಬಿದ್ದೆ. ಅವನ ಬೆನ್ನು ನನ್ನ ಬರಿ ಎದೆಗೆ ಸುಡುತ್ತಿತ್ತು. ಅವನು ಒಂದು ಮೆಟ್ಟಿಲು ಇಳಿದ. ಇನ್ನೊಂದು ಇಳಿದ. ನಾನು ಎಣಿಸಿದೆ. ಹತ್ತನೆಯದರಲ್ಲಿ ನಿಂತು, ನನ್ನನ್ನು ಮೆಲ್ಲಗೆ ಇಳಿಸಿ, ಉಸಿರು ಬಿಟ್ಟ.

'ಈಗ ನೀನು' ಎಂದ.

ನಾನು ಎದ್ದು ಬೆನ್ನು ಬಗ್ಗಿಸಿದೆ.